ಸಿವಿಲ್ ಮಾಡಿದರೆ ಆರ್ಕಿಟೆಕ್ಟ್ ಆಗುವುದಿಲ್ಲ

ಮೊನ್ನೆ ಹುಲೇಕಲ್ ಕಡೆಯ ನೆಂಟರೊಬ್ಬರು ಮಗನನ್ನು ಕರೆದುಕೊಂಡು ಶಿರಸಿಯ ನಮ್ಮ ಮನೆಗೆ ಬಂದಿದ್ದರು. ಸೆಕೆಂಡ್ ಪಿಯು ಮುಗಿದಿದೆ, ಸಿಇಟಿ ರ್‍ಯಾಂಕ್ ಚೆನ್ನಾಗಿಯೇ ಬಂದಿದೆ. "ಅಕ್ಕಾ, ಆರ್ಕಿಟೆಕ್ಚರ್ ಸೀಟು ಎಲ್ಲಿ ಸಿಗಬಹುದು?" ಎಂದ ಹುಡುಗ. ಆರ್ಕಿಟೆಕ್ಚರ್ ಸೇರಲು ಬರೆಯುವ ಪ್ರವೇಶ ಪರೀಕ್ಷೆ ನಾಟಾ ಬರೆದೆಯಾ ಅಪ್ಪಿ, ಅಂದೆ. ಅಪ್ಪ ಮಗ ಮುಖ ಮುಖ ನೋಡಿಕೊಂಡರು. ಆ ಪರೀಕ್ಷೆಯ ಹೆಸರನ್ನೇ ಅವರಿಗೆ ಯಾರೂ ಹೇಳಿರಲಿಲ್ಲ.

ನನಗೆ ತಡೆಯಲಾರದಷ್ಟು ಸಂಕಟವಾಯಿತು. 14 ವರ್ಷದ ಹಿಂದೆ ನನಗೂ ಆದದ್ದು ಇದೇ. "ಸಿವಿಲ್, ಆರ್ಕಿಟೆಕ್ಚರ್ ಎಲ್ಲ ಒಂದೇ, ಸಿವಿಲ್ ತಗೋ ತಂಗಿ" ಎಂದಿದ್ದರು ನಮ್ಮ ಮೇಷ್ಟ್ರು. ನಂಬಿ ಸೇರಿದೆ. ಒಂದು ವರ್ಷ ಓದಿ, ಬಿಟ್ಟು, ನಾಟಾ ಬರೆದು ಮತ್ತೆ ಮೊದಲಿಂದ ಶುರು ಮಾಡಿದೆ. ಆ ವರ್ಷದ ಫೀಸಿಗೆಂದು ಅಪ್ಪ ರೇಟು ಏರುವವರೆಗೂ ಕಾಯದೆ ಅಡಿಕೆ ಮಾರಿದ್ದರು.

ಎರಡೂ ಒಂದೇ ಅಲ್ಲ. ನಮ್ಮ ಕಡೆಯ ಹೊಸ ಮನೆಗಳನ್ನೇ ನೋಡಿ. ಆರ್‌ಸಿಸಿ ಸ್ಲ್ಯಾಬ್ ಹಾಕಿ ಮನೆ ಒಕ್ಕಲಾಗುತ್ತದೆ, ನಾಲ್ಕು ಮಳೆಗಾಲ ಕಳೆಯುವುದರೊಳಗೆ ಸೋರುತ್ತದೆಂದು ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಮಾಡು ಬರುತ್ತದೆ. ಸ್ಲ್ಯಾಬು ಭಾರ ತಡೆಯುತ್ತದೆಯೇ ಎಂಬ ಲೆಕ್ಕ ಸಿವಿಲ್‌ನವರದು, ಅದನ್ನು ಅವರು ಸರಿಯಾಗಿಯೇ ಮಾಡಿರುತ್ತಾರೆ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕಾರವಾರದಲ್ಲಿ ಮಾಡು ಎಷ್ಟು ಇಳಿಜಾರಾಗಿರಬೇಕು, ಎಷ್ಟು ಹೊರಚಾಚಬೇಕು, ಪಡುವಣ ಗಾಳಿಯ ಇರಚಲು ಜಗುಲಿಗೆ ಬಾರದಂತೆ ಬಾಗಿಲು ಎತ್ತ ಇರಬೇಕು? ಚಿರೆಕಲ್ಲಿನ ಗೋಡೆಗೆ ಗಿಲಾಯಿ (ಪ್ಲಾಸ್ಟರ್) ಬೇಕೋ ಬೇಡವೋ? ನಾವು ಆರ್ಕಿಟೆಕ್ಟರು ಐದು ವರ್ಷ ಕಲಿಯುವುದು ಇದನ್ನು. ಅಜ್ಜಿಮನೆಯ ಹಂಚಿನ ಮಾಡಿನ ಕೆಳಗೆ ಬೆಳೆದ ಮಕ್ಕಳಿಗೆ ಇದರಲ್ಲಿ ಅರ್ಧ ಮೊದಲೇ ಗೊತ್ತಿರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ದಾರಿ ಹೀಗಿದೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರಲೇಬೇಕು. ಗಣಿತ ಓದಿದ ಮೂರು ವರ್ಷದ ಡಿಪ್ಲೊಮಾದವರೂ ಬರಬಹುದು. ನಮ್ಮ ರಾಜ್ಯದಲ್ಲಿ ಸಿಇಟಿ ಅಂಕಕ್ಕೆ ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಪದವಿಯ ಸೀಟು ಸಿಗುವುದಿಲ್ಲ. ನಾಟಾ ಅರ್ಧ, ಪಿಯು ಅಂಕ ಅರ್ಧ ಸೇರಿಸಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಬೇರೆಯೇ ರ್‍ಯಾಂಕ್ ಕೊಡುತ್ತದೆ. ಕೇಂದ್ರದ ಎನ್‌ಐಟಿ ಕಾಲೇಜುಗಳಿಗಾದರೆ ಜೆಇಇ ಮೇನ್‌ ಪರೀಕ್ಷೆಯ ಪೇಪರ್ 2ಎ ಬರೆಯಬೇಕು. ನಮಗೆ ಹತ್ತಿರವೆಂದರೆ ಹುಬ್ಬಳ್ಳಿ, ಬೆಳಗಾವಿಯಲ್ಲಿ ಕಾಲೇಜುಗಳಿವೆ. ಸೇರುವ ಮೊದಲು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ, ದಯವಿಟ್ಟು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಅಲ್ಲಿ ನೋಂದಣಿ ಆದವರು ಮಾತ್ರ ಆರ್ಕಿಟೆಕ್ಟ್ ಎಂದು ಬರೆದುಕೊಳ್ಳಬಹುದು. ಸಿವಿಲ್ ಬಿ.ಇ. ಮುಗಿಸಿ ಆರ್ಕಿಟೆಕ್ಚರ್ ಸ್ನಾತಕೋತ್ತರ ಪದವಿ ಎಂ.ಆರ್ಕ್ ಮಾಡುತ್ತೇನೆ ಎಂದರೂ ಆಗದು, ಅದಕ್ಕೆ ಬಿ.ಆರ್ಕ್ ಬೇಕು.

ಸುಲಭದ ಓದಲ್ಲ. ನಕ್ಷೆಯ ಶೀಟು, ಮಾಡೆಲ್ ಎಂದು ನಿದ್ದೆಗೆಟ್ಟು ಕೂತ ರಾತ್ರಿಗಳಿಗೆ ಲೆಕ್ಕವಿಲ್ಲ, ಹಾಳೆಗೂ ಬೋರ್ಡಿಗೂ ಫೀಸಿನ ಮೇಲೆ ಖರ್ಚು. ಮೊದಲ ಕೆಲಸದ ಸಂಬಳ ನೋಡಿದರೆ ಸಾಫ್ಟ್‌ವೇರಿಗೆ ಹೋದ ಗೆಳತಿಯರೇ ಜಾಣೆಯರು ಅನ್ನಿಸುತ್ತದೆ. ಆದರೂ ನನಗೆ ಬೇರೆ ಕೆಲಸ ಬೇಡ.

ಆ ಹುಡುಗನಿಗೆ ಮುಂದಿನ ಸಲ ನಾಟಾ ಬರೆಯುವವರೆಗಿನ ಈ ಒಂದು ವರ್ಷ ಸುಮ್ಮನೆ ಕೂರಬೇಡ, ಟೇಪು ಹಿಡಿದು ನಿಮ್ಮ ಹಳೇ ಮನೆಯನ್ನು ಅಳೆದು ಬರೆ ಎಂದಿದ್ದೇನೆ. ನಿಮ್ಮ ಮನೆಯಲ್ಲೂ ಫಸ್ಟ್ ಪಿಯು ಓದುತ್ತ, ಪುಸ್ತಕದ ಅಂಚಲ್ಲೆಲ್ಲ ಮನೆ ಬರೆಯುವ ಮಗುವಿದ್ದರೆ ಈಗಲೇ ಮೆಸೇಜ್ ಮಾಡಿ. ಶಿರಸಿ ಪೇಟೆಗೆ ಬಂದಾಗ ಮನೆಗೇ ಬನ್ನಿ, ಕೂತು ಮಾತಾಡೋಣ.