ಬಾಡಿಗೆ ಕಟ್ಟೋ ಮನಸ್ಸಿದೆ, ಮನೆ ಕೊಡೋರಿಲ್ಲ
ಬ್ರಿಟನ್‌ನಲ್ಲಿ ಸರ್ಕಾರದ ನೆರವು ಪಡೆಯುವವರಿಗೆ ಮನೆ ಕೊಡದ ಮಾಲೀಕರ ಭಯ ಸಹಜ ಎಂದು ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇದ್ದೇನೆ, ನೋಡಿದ್ದನ್ನು ಹೇಳುತ್ತೇನೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ವೃದ್ಧರ ಆರೈಕೆ ಮಾಡುತ್ತಾರೆ. ಇಬ್ಬರು ಮಕ್ಕಳು, ಗಂಡ ಜೊತೆಗಿಲ್ಲ. ಸಂಬಳ ಸಾಲದ್ದಕ್ಕೆ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರದ ನೆರವು ಬರುತ್ತದೆ. ಆರು ವರ್ಷ ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ. ಆದರೂ ಆ ಹೆಸರು ಕೇಳಿದ ತಕ್ಷಣ ಏಜೆಂಟರು ಫೋನ್ ಇಟ್ಟುಬಿಡುತ್ತಿದ್ದರು. ಆಕೆ ಅತ್ತಿದ್ದನ್ನು ನಾನು ನೋಡಿದ್ದೇನೆ.

ಜಾಹೀರಾತಿನಲ್ಲಿ 'ನೋ ಡಿಎಸ್‌ಎಸ್' (ನೆರವು ಪಡೆಯುವವರಿಗೆ ಮನೆ ಇಲ್ಲ) ಎನ್ನುವುದು ಕಾನೂನಿಗೆ ವಿರುದ್ಧ ಎಂದು ಯಾರ್ಕ್ ಕೋರ್ಟು 2020ರಲ್ಲೇ ಹೇಳಿದೆ. ಇದರಿಂದ ಹೆಂಗಸರಿಗೆ, ಅಂಗವಿಕಲರಿಗೆ ಜಾಸ್ತಿ ಏಟು ಬೀಳುತ್ತದೆ, ಅದಕ್ಕೇ. ಆ ಡಿಎಸ್‌ಎಸ್, ಅಂದರೆ ನೆರವು ಕೊಡುತ್ತಿದ್ದ ಸಾಮಾಜಿಕ ಭದ್ರತಾ ಇಲಾಖೆ, 2001ರಲ್ಲೇ ಮುಚ್ಚಿತು, ಜಾಹೀರಾತಿನಲ್ಲಿ ಮಾತ್ರ ಉಳಿದುಕೊಂಡಿತ್ತು!

ಮಾಲೀಕರ ಕಷ್ಟ ಸುಳ್ಳಲ್ಲ. ಯೂನಿವರ್ಸಲ್ ಕ್ರೆಡಿಟ್‌ನ ಮೊದಲ ಹಣ ಬಾಡಿಗೆದಾರರ ಕೈಗೆ ಬರಲು ಐದು ವಾರ ಬೇಕು. ಬಾಡಿಗೆ ನೆರವಿನ ಮಿತಿಯನ್ನು 2020ರಿಂದ 2024ರವರೆಗೆ ಏರಿಸಲೇ ಇಲ್ಲ, ಬಾಡಿಗೆ ಮಾತ್ರ ಏರುತ್ತಲೇ ಹೋಯಿತು. ಆದರೆ ಅದನ್ನು ಸರ್ಕಾರದ ಹತ್ತಿರ ಕೇಳಬೇಕು ಅಲ್ವಾ? ಬಾಡಿಗೆದಾರರ ಮೇಲೆ ಯಾಕೆ ಸಿಟ್ಟು?

ಇಂಗ್ಲೆಂಡಿನ 2025ರ ಹೊಸ ಬಾಡಿಗೆ ಕಾಯ್ದೆ ನೆರವು ಪಡೆಯುವವರನ್ನೂ ಮಕ್ಕಳಿರುವವರನ್ನೂ ಹೀಗೆ ದೂರವಿಡುವುದನ್ನು ನಿಷೇಧಿಸುತ್ತದೆ. ಇಲ್ಲಿ ಮನೆ ಬಾಡಿಗೆಗೆ ಕೊಡುವ ನಮ್ಮ ಕನ್ನಡದವರೂ ಇದ್ದಾರೆ. ದಯವಿಟ್ಟು ಮೊದಲು ಬಾಡಿಗೆ ಕಟ್ಟಿದ ರಸೀದಿ ನೋಡಿ, ಆಮೇಲೆ ತೀರ್ಮಾನ ಮಾಡಿ.