ಹೂಂ ಅನ್ನಿ, ಇಲ್ಲಾಂದ್ರೆ ಹೂಂ ಅನ್ನಿ

ಹೋದ ಬೇಸಿಗೆಯಲ್ಲಿ ಅಮ್ಮ ಮೂರು ತಿಂಗಳು ಇದ್ದು ಹೋಗೋಣ ಅಂತ ಜರ್ಮನಿಗೆ, ನಮ್ಮ ಮನೆಗೆ ಬಂದಿದ್ದಳು. ಒಂದು ಮಧ್ಯಾಹ್ನ ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಮುಂದಿನ ಬಸ್ ಎಷ್ಟೊತ್ತಿಗೆ ಅಂತ ನೋಡೋಕೆ ಫೋನ್ ತೆಗೆದೆ. ವೇಳಾಪಟ್ಟಿ ಬರಲಿಲ್ಲ, ಪರದೆ ತುಂಬ ಒಂದು ಒಕ್ಕಣೆ ಬಂತು. ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ: "ನಿಮ್ಮ ಖಾಸಗಿತನ ನಮಗೆ ಅಮೂಲ್ಯ. ನಾವು ಮತ್ತು ನಮ್ಮ 847 ಪಾಲುದಾರರು ನಿಮ್ಮ ಫೋನಿನಲ್ಲಿ ಕುಕಿಗಳನ್ನು ಇಡಲು ಬಯಸುತ್ತೇವೆ."

"ಎಂಟುನೂರಾ ನಲವತ್ತೇಳು ಜನಾನಾ? ನಿನ್ನ ಮದುವೆಗೂ ಅಷ್ಟು ಜನ ಬಂದಿರಲಿಲ್ಲವಲ್ಲೋ!"

ನಿಜ. ಬಂದವರು ಮುಯ್ಯಿ ಕೊಟ್ಟು ಊಟ ಮಾಡಿ ಹೋಗಿದ್ದರು. ಇವರು ಹೋಗೋ ಪೈಕಿ ಅಲ್ಲ.

'ಎಲ್ಲಕ್ಕೂ ಒಪ್ಪಿಗೆ' ಅನ್ನೋ ಹಸಿರು ಬಟನ್ ಅಂಗೈ ಅಗಲ ಇತ್ತು. ಬೇಡ ಅನ್ನೋ ಬಟನ್ ಇರಲಿಲ್ಲ. ಕೆಳಗಡೆ ಬೂದು ಬಣ್ಣದಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, 'ಇನ್ನಷ್ಟು ಆಯ್ಕೆಗಳು' ಅಂತ ಇತ್ತು. ನಾನು ಹಠ ಹಿಡಿದು ಅದನ್ನೇ ಒತ್ತಿದೆ.

ನಮ್ಮ ಕಡೆ ಮದುವೆ ಊಟದಲ್ಲಿ ಹೋಳಿಗೆ ಬಡಿಸೋರನ್ನು ನೋಡಿದ್ದೀರಲ್ಲ? ಬೇಡ ಬೇಡ ಅಂತ ಎಲೆಗೆ ಅಡ್ಡ ಕೈ ಇಟ್ಟರೂ ಬೆರಳ ಸಂದಿಯಲ್ಲಿ ಒಂದು ಜಾರಿಸಿ ಹೋಗುತ್ತಾರೆ. ಅದಾದರೂ ಉಪಚಾರ. ಇಲ್ಲಿ ಹಾಗಲ್ಲ. ಬೇಡ ಅನ್ನಬೇಕಾದರೆ ನೀವು ಎಲೆ ಬಿಟ್ಟು ಏಳಬೇಕು, ಅಡುಗೆಮನೆಗೆ ಹೋಗಬೇಕು, ಅಲ್ಲಿರೋ 847 ಅಡುಗೆಭಟ್ಟರ ಹತ್ತಿರ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ 'ನನಗೆ ಹೋಳಿಗೆ ಬೇಡ ಸ್ವಾಮಿ' ಅಂತ ಹೇಳಿ ಬರಬೇಕು. ವಾಪಸ್ ಬಂದು ಕೂತರೆ ಎಲೆ ಮೇಲೆ ಎರಡು ಹೋಳಿಗೆ. ಇದೇನ್ರೀ ಅಂದರೆ, ಇದು ನೀವು ಕೇಳಿದ್ದಲ್ಲ, ಇದು ನಮ್ಮ 'ನ್ಯಾಯಸಮ್ಮತ ಹಿತಾಸಕ್ತಿ' ಅಂತಾರೆ. ಸುಮ್ನೆ ತಮಾಷೆಗೆ ಹೇಳಿದ್ದಲ್ಲ, ಆ ಪರದೆ ಮೇಲೆ ಇದೇ ಹೆಸರಿನ ಇನ್ನೊಂದು ಪಟ್ಟಿ ಇತ್ತು, ಅದರಲ್ಲಿ ಎಲ್ಲ ಗುಂಡಿಗಳೂ ಮೊದಲೇ ಆನ್ ಆಗಿದ್ದವು.

ಕುಕಿ ಹುಟ್ಟಿದ್ದು ಇಂಥ ಕೆಲಸಕ್ಕಲ್ಲ. 1994ರಲ್ಲಿ ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಕಂಪನಿಯಲ್ಲಿದ್ದ ಲೂ ಮಾಂಟುಲಿ, ಗಿರಾಕಿ ಬುಟ್ಟಿಗೆ ಏನು ಹಾಕಿದ್ದ ಅಂತ ನೆನಪಿಡೋಕೆ ಮಾಡಿದ ಚಿಕ್ಕ ಚೀಟಿ ಅದು. ಜಾಹೀರಾತಿನವರ ಕೈಗೆ ಸಿಕ್ಕ ಮೇಲೆ ಕಥೆ ಬೇರೆಯಾಯಿತು. ಊರಿನ ಎಲ್ಲ ಅಂಗಡಿಯಲ್ಲೂ ಒಬ್ಬನೇ ಏಜೆಂಟ್ ಮೂಲೆಯಲ್ಲಿ ಕೂತು, ನೀವು ಚಪ್ಪಲಿ ಕೊಳ್ಳಿ, ಮೂಲವ್ಯಾಧಿಗೆ ಮುಲಾಮು ಕೊಳ್ಳಿ, ನಿಮ್ಮ ಬೆನ್ನಿಗೆ ಅಂಟಿಸಿದ ಚೀಟಿ ಓದಿ ಲೆಕ್ಕ ಬರೆದುಕೊಂಡ ಹಾಗೆ.

ಯುರೋಪ್ ಇದಕ್ಕೆ ತಡೆ ಹಾಕೋಕೆ ಹೊರಟಿತು. 2009ರಲ್ಲಿ ಹಳೇ ನಿರ್ದೇಶನ ತಿದ್ದಿ, ಕೇಳದೆ ಕುಕಿ ಇಡಬೇಡಿ ಅಂದರು. ಆಮೇಲೆ ಜಿಡಿಪಿಆರ್, ಅಂದರೆ ಜನರ ಖಾಸಗಿ ಮಾಹಿತಿ ಕಾಪಾಡೋ ಯುರೋಪಿಯನ್ ಒಕ್ಕೂಟದ ಕಾನೂನು, ಜಾರಿಗೆ ಬಂದದ್ದು 2018ರ ಮೇ 25ಕ್ಕೆ. ಅದರ 99 ಕಲಮುಗಳನ್ನು ಬಾಚಣಿಗೆ ಹಾಕಿ ಹುಡುಕಿದರೂ ಕುಕಿ ಅನ್ನೋ ಮಾತಿಲ್ಲ, ಪೀಠಿಕೆಯಲ್ಲಿ ಒಂದು ಕಡೆ ಬಂದು ಹೋಗುತ್ತದೆ, ಅಷ್ಟೇ. ಇದ್ದದ್ದು ಇಷ್ಟು: ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರಬೇಕು. ಮಾತು ತಪ್ಪಿದರೆ ಎರಡು ಕೋಟಿ ಯೂರೋ, ಇಲ್ಲವೇ ಜಗತ್ತಿನಾದ್ಯಂತ ಮಾಡೋ ವಹಿವಾಟಿನ ಶೇಕಡಾ 4, ಯಾವುದು ಜಾಸ್ತಿಯೋ ಅಲ್ಲಿಯವರೆಗೂ ದಂಡ.

ದಂಡದ ಭಯಕ್ಕೆ ಕಂಪನಿಗಳು ಹಿಂಬಾಲಿಸೋದು ಬಿಟ್ಟವಾ? ಇಲ್ಲ. ಕೇಳೋದನ್ನು ಶುರುಮಾಡಿದವು. ಜನ ಸುಸ್ತಾಗಿ ಹೂಂ ಅನ್ನೋ ತನಕ ಕೇಳಿದವು. ಜರ್ಮನಿಯ ಒಂದು ಆನ್‌ಲೈನ್ ಲಾಟರಿ ತಾಣ ಒಪ್ಪಿಗೆಯ ಚೌಕಕ್ಕೆ ತಾನೇ ಟಿಕ್ ಹಾಕಿಟ್ಟಿತ್ತು. ಬೇರೆಯವರು ಹಾಕಿದ ಟಿಕ್ ನಿಮ್ಮ ಒಪ್ಪಿಗೆ ಅಲ್ಲ ಅಂತ ಹೇಳೋಕೆ 2019ರ ಅಕ್ಟೋಬರ್‌ನಲ್ಲಿ ಲಕ್ಸೆಂಬರ್ಗ್‌ನಲ್ಲಿರೋ ಯುರೋಪಿನ ಅತ್ಯುನ್ನತ ನ್ಯಾಯಾಲಯವೇ ಕೂರಬೇಕಾಯಿತು. ಆಮೇಲೆ ಫ್ರಾನ್ಸ್‌ನ ಮಾಹಿತಿ ರಕ್ಷಣಾ ಪ್ರಾಧಿಕಾರ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿತು. ತಪ್ಪೇನು ಗೊತ್ತಾ? ಒಪ್ಪೋದಕ್ಕೆ ಒಂದು ಕ್ಲಿಕ್, ಬೇಡ ಅನ್ನೋದಕ್ಕೆ ಹಲವು. ಕ್ಲಿಕ್ಕಿನ ಲೆಕ್ಕದಲ್ಲಿ ಇಷ್ಟು ದುಬಾರಿ ಬಟನ್ ಇನ್ನೊಂದಿರಲಿಕ್ಕಿಲ್ಲ.

ಬಟನ್ ಇಡಲೇಬೇಕು ಅಂತಾದ ಮೇಲೆ ಇನ್ನೊಂದು ದಾರಿ ಹುಡುಕಿದರು, ಬೇಡ ಅನ್ನೋದಕ್ಕೆ ರೇಟ್ ಕಟ್ಟಿದರು. ಒಪ್ಪಿ, ಇಲ್ಲಾ ದುಡ್ಡು ಕೊಡಿ. ಇಲ್ಲಿನ ಎಷ್ಟೋ ಪತ್ರಿಕೆಗಳ ತಾಣಗಳಲ್ಲಿ ಈಗ ಇದೇ ಪದ್ಧತಿ. 2023ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಕೂಡ ತಿಂಗಳಿಗೆ 9.99 ಯೂರೋ ಅಂದಿತು, ಅದಕ್ಕೆ 2025ರ ಏಪ್ರಿಲ್‌ನಲ್ಲಿ 20 ಕೋಟಿ ಯೂರೋ ದಂಡ ಬಿತ್ತು. ಮನೆ ಮುಂದೆ ನಿಂತು ಇಣುಕಬಾರದು ಅಂದರೆ ತಿಂಗಳಿಗೆ ಸಾವಿರ ರೂಪಾಯಿ ಕೊಡಿ ಅಂತ ಪಕ್ಕದ ಮನೆಯವನು ಕೇಳಿದರೆ ನಾವು ಪೊಲೀಸರಿಗೆ ಫೋನ್ ಮಾಡುತ್ತೀವಿ. ಇವರು ಕೇಳಿದರೆ ಅದು ಚಂದಾದಾರಿಕೆ.

ಈ ನಡುವೆ ಗುಟ್ಟು ಕಾಪಾಡೋ ಕೆಲಸ ಆಗಲೇ ಇಲ್ಲ ಅಂತಲ್ಲ. ಆಗಿದೆ. 2018ರಲ್ಲಿ ವಿಯೆನ್ನಾ ನಗರದವರು ತಮ್ಮ ಸುಮಾರು 2 ಲಕ್ಷದ 20 ಸಾವಿರ ಬಾಡಿಗೆ ಮನೆಗಳ ಕಾಲಿಂಗ್ ಬೆಲ್ ಮೇಲಿನ ಹೆಸರು ತೆಗೆದು ನಂಬರ್ ಹಾಕೋಕೆ ಹೊರಟರು, ಜಿಡಿಪಿಆರ್ ಇದೆಯಲ್ಲ ಅಂತ. ನಿಮ್ಮ ಮುಲಾಮಿನ ವಿಷಯ 847 ಜನಕ್ಕೆ ಗೊತ್ತಿರಬಹುದು. ಪೋಸ್ಟ್‌ಮ್ಯಾನ್‌ಗೆ ನಿಮ್ಮ ಹೆಸರು ಗೊತ್ತಾಗಬಾರದು.

ನನಗೆ ತುಂಬ ಇಷ್ಟವಾದದ್ದು ಮಾತ್ರ 2025ರ ಜನವರಿ 8ರ ತೀರ್ಪು. ಯುರೋಪಿನ ಭವಿಷ್ಯ ಹೇಗಿರಬೇಕು ಅಂತ ಜನರನ್ನೇ ಕೇಳೋಕೆ ಯುರೋಪಿಯನ್ ಕಮಿಷನ್, ಅಂದರೆ ಒಕ್ಕೂಟದ ಆಡಳಿತ ನಡೆಸೋ ಸಂಸ್ಥೆ, ಒಂದು ತಾಣ ಮಾಡಿತ್ತು. ಅದಕ್ಕೆ ಫೇಸ್‌ಬುಕ್ ಮೂಲಕ ಲಾಗಿನ್ ಆಗೋ ಕೊಂಡಿ ಇತ್ತು. ಒಬ್ಬ ಜರ್ಮನ್ ಪ್ರಜೆ ಅದನ್ನು ಒತ್ತಿದ, ಅವನ ಐಪಿ ವಿಳಾಸ ಅಮೆರಿಕದ ಮೆಟಾಗೆ ಹೋಯಿತು. ಜಗತ್ತಿಗೆಲ್ಲ ಪಾಠ ಹೇಳಿದ ಕಮಿಷನ್ ತಾನೇ ನಿಯಮ ಮುರಿದಿದೆ, ಆತನಿಗೆ 400 ಯೂರೋ ಕೊಡಲಿ ಅಂತ ಕೋರ್ಟ್ ಹೇಳಿತು. ಬೇಲಿಯೇ ಎದ್ದು ಹೊಲ ಮೇಯ್ದಿದ್ದಕ್ಕೆ ಬೇಲಿಯ ಕೈಲೇ ದುಡ್ಡು ಕಕ್ಕಿಸಿದ ಪುಣ್ಯಾತ್ಮ.

ಈಗ ಅದೇ ಕಮಿಷನ್ 2025ರ ನವೆಂಬರ್‌ನಲ್ಲಿ ಹೊಸ ಪ್ರಸ್ತಾವ ಇಟ್ಟಿದೆ. ಒಂದೇ ಕ್ಲಿಕ್ಕಿಗೆ ಬೇಡ ಅನ್ನಬಹುದು, ಬೇಡ ಅಂದವರನ್ನು ಆರು ತಿಂಗಳು ಮತ್ತೆ ಪೀಡಿಸಬಾರದು, ಮುಂದೆ ಬ್ರೌಸರೇ ನಿಮ್ಮ ಪರವಾಗಿ ಬೇಡ ಅನ್ನಲಿ. ಒಳ್ಳೇದು. ಆದರೆ ಬ್ರೌಸರ್ ಇದನ್ನು 2011ರಲ್ಲೇ ಹೇಳಿತ್ತು, 'ಹಿಂಬಾಲಿಸಬೇಡಿ' ಅನ್ನೋ ಸೆಟ್ಟಿಂಗ್ ಇತ್ತು, ಹೆಚ್ಚಿನವರು ಕಿವಿಗೇ ಹಾಕಿಕೊಳ್ಳದೆ ಕೊನೆಗೆ ಫೈರ್‌ಫಾಕ್ಸ್ ಬ್ರೌಸರ್ ಅದನ್ನು ಕಿತ್ತೇ ಹಾಕಿತು.

ಅಂದಹಾಗೆ ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳೋ ಒಕ್ಕಣೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದೋ ಅವಕಾಶ ಕೊಡಬೇಕು. ಅಂದರೆ ಕನ್ನಡದಲ್ಲೂ. ಕನ್ನಡದಲ್ಲಿ ಸಿಗದ ಬ್ಯಾಂಕ್ ಚಲನ್‌ಗೆ ಬೇಜಾರು ಮಾಡಿಕೊಂಡಿದ್ದೆವಲ್ಲ, ಇನ್ನು ಮೇಲೆ ಇದಾದರೂ ಸಿಗುತ್ತದೆ.

ಬಸ್ ಸ್ಟಾಪಿಗೆ ವಾಪಸ್ ಬರೋಣ. ನಾನು ನಲವತ್ತೋ ಐವತ್ತೋ ಗುಂಡಿ ಆಫ್ ಮಾಡಿರಬಹುದು, ಅಷ್ಟರಲ್ಲಿ ಫೋನ್ ಒಂದು ಸಲ ಮಿನುಗಿ ಮತ್ತೆ ಮೊದಲನೇ ಪರದೆಗೆ ಹೋಯಿತು. ತಲೆ ಎತ್ತಿದರೆ ನಮ್ಮ ಬಸ್ ರಸ್ತೆಯ ಆಚೆ ಬದಿಯ ಸ್ಟಾಪಿನಿಂದ ಹೊರಡುತ್ತಿತ್ತು. ನಾವು ನಿಂತದ್ದೇ ತಪ್ಪು ಕಡೆ. ಸಾಕಾಯಿತು, ಹಸಿರು ಬಟನ್ ಒತ್ತಿದೆ. ವೇಳಾಪಟ್ಟಿ ತಕ್ಷಣ ತೆರೆಯಿತು. ಮುಂದಿನ ಬಸ್ 58 ನಿಮಿಷ ಆದ ಮೇಲೆ.

ಅಮ್ಮ ಬೆಂಚಿನ ಮೇಲೆ ಕೂತು ಚೀಲದಿಂದ ಕೋಡುಬಳೆ ತೆಗೆದಳು. "ಅಲ್ವೋ, ಅಷ್ಟು ಜನ ಇದ್ದಾರಲ್ಲ ಒಳಗೆ," ಅಂದಳು, "ಬಸ್ಸು ಆಚೆ ಕಡೆ ಬರುತ್ತೆ ಅಂತ ಒಬ್ಬರಾದ್ರೂ ಹೇಳಬಾರದಿತ್ತಾ?"