ಸ್ಪಷ್ಟನೆ: ‘ಮೂರು ನಿಯಮ’ ಯಾವ ಕಾರ್ಖಾನೆಯ ರೋಬೋಟಿನಲ್ಲೂ ಇಲ್ಲ

‘ಈಗಿನ ಎಲ್ಲ ರೋಬೋಟುಗಳಲ್ಲೂ ಅಸಿಮೋವ್‌ನ ಮೂರು ನಿಯಮ ಹಾಕಿರುತ್ತಾರೆ, ಮನುಷ್ಯರಿಗೆ ಪೆಟ್ಟಾಗದು’ ಎಂಬ ಸಂದೇಶ ಬೆಳಗಾವಿ ಉದ್ಯಮಬಾಗದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ ನಿಯಮಗಳು ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್ 1942ರಲ್ಲಿ ಪ್ರಕಟಿಸಿದ ‘ರನ್‌ಅರೌಂಡ್’ ಕಥೆಯವು: ಒಂದು, ರೋಬೋಟು ಮನುಷ್ಯರಿಗೆ ಪೆಟ್ಟು ಮಾಡಬಾರದು, ಪೆಟ್ಟಾಗಲು ಬಿಡಲೂ ಬಾರದು; ಎರಡು, ಮೊದಲನೆಯದಕ್ಕೆ ಅಡ್ಡಬಾರದಂತೆ ಮನುಷ್ಯರ ಮಾತು ಕೇಳಬೇಕು; ಮೂರು, ಮೊದಲೆರಡಕ್ಕೆ ಅಡ್ಡಬಾರದಂತೆ ತನ್ನನ್ನು ಕಾಪಾಡಿಕೊಳ್ಳಬೇಕು. ಆ ಕಥೆಯಲ್ಲೇ ಎರಡನೆಯ, ಮೂರನೆಯ ನಿಯಮಗಳು ಒಂದಕ್ಕೊಂದು ಅಡ್ಡಬಂದು, ರೋಬೋಟು ಬುಧಗ್ರಹದ ಸೆಲೆನಿಯಂ ಕೊಳದ ಸುತ್ತ ಗಿರಕಿ ಹೊಡೆಯುತ್ತದೆ. ಕಥೆಯ ಯಂತ್ರಗಳು ಹಳತಾದವು, ಈ ತೊಡಕು ಹಳತಾಗಿಲ್ಲ. ಇಂದಿಗೂ ಓದಿಸಿಕೊಳ್ಳುವುದು ಅದಕ್ಕೇ.

ವೆಲ್ಡಿಂಗ್ ರೋಬೋಟಿನ ತೋಳು ಕೊಟ್ಟ ದಾರಿಯಲ್ಲಿ ತಿರುಗುತ್ತದೆ, ಅಷ್ಟೇ. ಕಾಪಾಡುವುದು ಬೇಲಿ, ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಇಂಟರ್‌ಲಾಕ್, ಲೈಟ್ ಕರ್ಟನ್ (ಯಾರಾದರೂ ಅಡ್ಡಬಂದರೆ ಯಂತ್ರ ನಿಲ್ಲಿಸುವ ಬೆಳಕಿನ ಪರದೆ), ಎಮರ್ಜೆನ್ಸಿ ಸ್ಟಾಪ್. ಇದರ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಐಎಸ್‌ಒ 10218. ನಿಂತ ತೋಳು ಬರೀ ಸಿಗ್ನಲಿಗೆ ಕಾಯುತ್ತಿರಬಹುದು. ಒಳಗೆ ಹೋಗುವ ಮುಂಚೆ ಕರೆಂಟು, ಯಂತ್ರಕ್ಕೆ ಹೋಗುವ ಒತ್ತಡದ ಗಾಳಿ ಎರಡನ್ನೂ ಬಂದ್ ಮಾಡಿ ಬೀಗ ಹಾಕಿ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.